ಅಂಟಾರ್ಕ್ಟಿಕಾಗೆ ಹೋಗೋಕ್ ಮುಂಚೆ ಅಪೆಂಡಿಕ್ಸ್ ತೆಗೆಸ್ಬೇಕಾ?

ನಮಸ್ಕಾರ ಎಲ್ರಿಗೂ. ಹೋದ ವಿಡಿಯೋದಲ್ಲಿ ಮೈತ್ರಿ, ಅಂದ್ರೆ ಅಂಟಾರ್ಕ್ಟಿಕಾದಲ್ಲಿ ನಮ್ ದೇಶದವರ ರಿಸರ್ಚ್ ಸ್ಟೇಷನ್ ಬಗ್ಗೆ ಎರಡ್ ನಿಮಿಷ ಮಾತಾಡಿದ್ದೆ, ಅದನ್ ನೋಡಿ ಒಬ್ರು ಕೇಳಿದಾರೆ, "ಗುರು, ಅಲ್ಲಿಗ್ ಹೋಗೋರಿಗೆ ಅಪೆಂಡಿಕ್ಸ್ ಮೊದ್ಲೇ ಕತ್ತರಿಸಿ ಕಳಿಸ್ತಾರಂತೆ, ಹೌದಾ?" ಅಂತ. ನಾನ್ ನಕ್ಕೆ. ವಾಟ್ಸಾಪ್ ಯೂನಿವರ್ಸಿಟಿ ಗಿರಾಕಿ ಇರ್ಬೇಕು ಅಂದ್ಕೊಂಡೆ. ಆಮೇಲೆ ಓದ್ತಾ ಹೋದ್ರೆ, ಮಾತಲ್ಲಿ ಅರ್ಧ ನಿಜ ಇದೆ ಮಾರಾಯ್ರೇ.

ಜಾಕೆಟ್ಟು, ಬೂಟು, ಗಾಗಲ್ಸು ಎಲ್ಲ ನಿಮಗ್ ಗೊತ್ತಿರೋದೇ, ಸ್ಕಿಪ್. ಅಲ್ಲಿ ಚಳಿಗಿಂತ ದೊಡ್ಡ ತಲೆನೋವು ದೂರ. ಮೈತ್ರಿಯಿಂದ ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ಸುಮಾರು 4000 ಕಿಲೋಮೀಟರ್. ಬೇಸಿಗೇಲಿ ವಿಮಾನ ಬರತ್ತೆ, ಹಡಗು ಬರತ್ತೆ, ಚಳಿಗಾಲ ಬಂತೋ, ಬಾಗಿಲು ಹಾಕ್ಕೊಂಡ ಹಾಗೆ, ಸುಮಾರು 2 ತಿಂಗಳು ಸೂರ್ಯನೇ ಹುಟ್ಟಲ್ಲ, ಇರೋ 25 ಜನ ಒಬ್ಬರ ಮುಖ ಒಬ್ರು ನೋಡ್ಕೊಂಡು ಕೂತಿರ್ಬೇಕು. 108ಕ್ಕೆ ಫೋನ್ ಮಾಡಿದ್ರೆ ಯಾರೂ ಬರಲ್ಲ.

[ಸ್ಕ್ರೀನ್ ಮೇಲೆ ಮ್ಯಾಪ್]

ಈಗ ಅಸಲಿ ಕಥೆ. ಮೈತ್ರಿಯಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ರಷ್ಯಾದವರ ನೊವೊಲಾಜರೆವ್‌ಸ್ಕಯಾ ಸ್ಟೇಷನ್ ಇದೆ, ಪಕ್ಕದ್ಮನೆ ಅಂತಾನೇ ಇಟ್ಕೊಳ್ಳಿ. 1961ರಲ್ಲಿ ಅದು ಆಗಷ್ಟೇ ಶುರುವಾಗಿತ್ತು. ಒಟ್ಟು 13 ಜನ, ಅದರಲ್ಲಿ ಡಾಕ್ಟ್ರು ಒಬ್ರೇ, ಲಿಯೊನಿದ್ ರೊಗೊಜೊವ್, ವಯಸ್ಸು 27. ಏಪ್ರಿಲ್ 29ರ ಬೆಳಿಗ್ಗೆ ಸುಸ್ತು, ವಾಕರಿಕೆ, ಆಮೇಲೆ ಹೊಟ್ಟೆ ಬಲಗಡೆ ನೋವು. ತಮ್ಮ ಕಾಯಿಲೆ ಏನು ಅಂತ ಅವರಿಗೇ ಗೊತ್ತಾಯ್ತು, ಅಪೆಂಡಿಕ್ಸ್, ಅಂದ್ರೆ ಕರುಳಿಗೆ ಅಂಟ್ಕೊಂಡಿರೋ ಪುಟ್ಟ ಚೀಲ, ಊದ್ಕೊಂಡಿದೆ, ಆಪರೇಷನ್ ಮಾಡಿ ತೆಗೀಲೇಬೇಕು. ಬೇರೆ ಸೋವಿಯತ್ ಸ್ಟೇಷನ್ ಮಿರ್ನಿ, 1600 ಕಿಲೋಮೀಟರಿಗಿಂತ ದೂರ, ಹೊರಗಡೆ ಹಿಮಗಾಳಿ, ವಿಮಾನ ಹಾರೋ ಮಾತೇ ಇಲ್ಲ.

ಸರಿ, ನಾನೇ ಕೊಯ್ಕೋತೀನಿ ಅಂದ್ರು.

ಇಲ್ಲಿಂದ ನನಗ್ ಹುಚ್ಚು ಹಿಡಿಸಿದ್ದು ಅವರ ಧೈರ್ಯ ಅಲ್ಲ, ಧೈರ್ಯದ್ ಬಗ್ಗೆ ಎಲ್ರೂ ಹೇಳ್ತಾರೆ, ಅವರು ಮಾಡ್ಕೊಂಡ ಏರ್ಪಾಡು. ಹವಾಮಾನ ನೋಡೋ ಮೆಟಿಯರಾಲಜಿಸ್ಟ್ ಒಬ್ರು ಸಾಮಾನು ಕೈಗೆ ಕೊಡೋಕೆ, ಡ್ರೈವರ್ ಒಬ್ರು ಕನ್ನಡಿ ಹಿಡಿಯೋಕೆ, ದೀಪ ತಿರುಗಿಸೋಕೆ. ಇವರಿಬ್ಬರಲ್ಲಿ ಯಾರಾದ್ರೂ ರಕ್ತ ನೋಡಿ ತಲೆತಿರುಗಿ ಬಿದ್ರೆ? ಅದಕ್ಕೆ ಸ್ಟೇಷನ್ ಮುಖ್ಯಸ್ಥರೇ ಸ್ಟ್ಯಾಂಡ್‌ಬೈ! ಡಾಕ್ಟ್ರಿಗೇ ಪ್ರಜ್ಞೆ ತಪ್ಪಿದ್ರೆ? ಯಾವ ಇಂಜೆಕ್ಷನ್ ಕೊಡ್ಬೇಕು, ಉಸಿರು ಹೇಗ್ ಕೊಡ್ಬೇಕು, ಎಲ್ಲಾ ಮೊದ್ಲೇ ಹೇಳ್ಕೊಟ್ಟಿದ್ರು. ನಮ್ ಕಡೆ ಮದುವೆ ಮನೇಲೂ ಇಷ್ಟ್ ಪ್ಲಾನಿಂಗ್ ಇರಲ್ಲ.

ಮೇ 1ರ ಬೆಳಗಿನ ಜಾವ 2 ಗಂಟೆಗೆ ಶುರು. ಮರಗಟ್ಟಿಸಿದ್ದು ಹೊಟ್ಟೆಯ ಆ ಭಾಗ ಮಾತ್ರ, ಪ್ರಜ್ಞೆ ಪೂರ್ತಿ ಇದೆ. ಅಷ್ಟೆಲ್ಲ ಪ್ಲಾನ್ ಮಾಡಿದ ಮನುಷ್ಯನಿಗೆ ಕೈ ಕೊಟ್ಟಿದ್ದು ಯಾವ್ದು ಗೊತ್ತಾ, ಕನ್ನಡಿ. ಅದರಲ್ಲಿ ಎಲ್ಲಾ ಉಲ್ಟಾ ಕಾಣತ್ತಲ್ಲ, ನಾವು ಕನ್ನಡಿ ನೋಡ್ಕೊಂಡು ಹಣೆಗೆ ನಾಮ ಎಳ್ಕೊಂಡ್ರೇ ಸೊಟ್ಟ ಹೋಗತ್ತೆ, ಇನ್ನು ಕರುಳಿನ ಹತ್ರ ಬ್ಲೇಡ್ ಇಟ್ಕೊಂಡು ಎಡ ಬಲ ಲೆಕ್ಕ ಹಾಕೋದು ಯೋಚ್ನೆ ಮಾಡಿ. ಅದಕ್ಕೆ ಕೈಗೆ ಗ್ಲೌಸೂ ಇಲ್ದೆ, ಹೆಚ್ಚಿನ ಕೆಲ್ಸ ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡ್ಕೊಂಡೇ ಮಾಡಿದ್ರು. ಮಧ್ಯದಲ್ಲಿ ಕರುಳಿಗೆ ಬ್ಲೇಡ್ ತಾಗಿ ಅದಕ್ಕೂ ಹೊಲಿಗೆ ಹಾಕ್ಬೇಕಾಯ್ತು. ಅರ್ಧ ಗಂಟೆ ಆದ್ಮೇಲೆ ತಲೆಸುತ್ತು, ನಾಲ್ಕೈದು ನಿಮಿಷಕ್ಕೊಂದ್ಸಲ ಇಪ್ಪತ್ತು ಸೆಕೆಂಡು ರೆಸ್ಟು. 4 ಗಂಟೆ ಹೊತ್ತಿಗೆ ಎಲ್ಲಾ ಮುಗೀತು, ಸಾಮಾನು ಹೇಗ್ ತೊಳೀಬೇಕು ಅಂತ ಆ ಇಬ್ಬರಿಗೂ ಹೇಳ್ಕೊಟ್ಟು, ಮಾತ್ರೆ ನುಂಗಿ ಮಲಗಿದ್ರು. ಎರಡು ವಾರಕ್ಕೆ ಮತ್ತೆ ಡ್ಯೂಟಿ!

ಅಯ್ಯೋ, ಇದರಲ್ಲೇ ಟೈಮ್ ಹೋಯ್ತು. ಬೇಗ ಬೇಗ ಹೇಳ್ತೀನಿ.

ಆಸ್ಟ್ರೇಲಿಯಾದವರ ಸ್ಟೇಷನ್‌ಗಳಲ್ಲಿ ಚಳಿಗಾಲ ಕಳೆಯೋಕೆ ಹೋಗೋ ಡಾಕ್ಟ್ರು ಅಪೆಂಡಿಕ್ಸ್ ತೆಗೆಸ್ಕೊಂಡೇ ಹೋಗ್ಬೇಕು, ಬಾಕಿಯವರಿಗೆ ಕಡ್ಡಾಯ ಇಲ್ಲ. ಯಾಕಂದ್ರೆ ಬಾಕಿಯವರಿಗೆ ಬಂದ್ರೆ ಕೊಯ್ಯೋಕೆ ಡಾಕ್ಟ್ರು ಇದಾರೆ, ಡಾಕ್ಟ್ರಿಗೇ ಬಂದ್ರೆ ಮತ್ತೆ ಕನ್ನಡಿ ಹುಡುಕ್ಬೇಕು. ಚಿಲಿ ದೇಶದವರ ವಿಯಾ ಲಾಸ್ ಎಸ್ಟ್ರೆಯಾಸ್ ಅಂತ ಒಂದ್ ಪುಟ್ಟ ಊರಿದೆ ಅಂಟಾರ್ಕ್ಟಿಕಾದಲ್ಲಿ, ಅಲ್ಲಿ ಹೆಚ್ಚು ದಿನ ಇರೋಕೆ ಹೋದ ಸಂಸಾರಗಳಲ್ಲಿ ಮಕ್ಕಳ ಅಪೆಂಡಿಕ್ಸೂ ತೆಗೆಸಿದ್ದಾರೆ. ನನಗಂತೂ ಇದು ಸ್ವಲ್ಪ ಜಾಸ್ತಿ ಆಯ್ತು ಅನ್ಸತ್ತೆ, ಆದ್ರೆ ದೊಡ್ಡಾಸ್ಪತ್ರೆ ಸಾವಿರ ಕಿಲೋಮೀಟರ್ ಸಮುದ್ರದಾಚೆ ಇದ್ರೆ ನಾನೇನ್ ಮಾಡ್ತಿದ್ನೋ.

ನಮ್ಮವರ ತಯಾರಿ ಬಗ್ಗೆನೂ ಚೂರು. ಗೋವಾದಲ್ಲಿರೋ ಎನ್‌ಸಿಪಿಒಆರ್, ಅಂದ್ರೆ ಧ್ರುವ ಪ್ರದೇಶ, ಸಮುದ್ರಗಳ ಬಗ್ಗೆ ಸಂಶೋಧನೆ ಮಾಡೋ ಸರ್ಕಾರಿ ಸಂಸ್ಥೆ, ಎಲ್ಲಾ ನೋಡ್ಕೊಳತ್ತೆ, ದೆಹಲಿ ಏಮ್ಸ್‌ನಲ್ಲಿ ಮೆಡಿಕಲ್ ಟೆಸ್ಟು, ಆಮೇಲೆ ಉತ್ತರಾಖಂಡದ ಔಲಿಯಲ್ಲಿ ಐಟಿಬಿಪಿ, ಅಂದ್ರೆ ಟಿಬೆಟ್ ಗಡಿ ಕಾಯೋ ಪೊಲೀಸ್ ಪಡೆಯವರ ಹತ್ರ ಹಿಮದ್ ಮೇಲೆ ಟ್ರೇನಿಂಗು. ಮನಸ್ಸು ಗಟ್ಟಿ ಇದ್ಯಾ ಅಂತನೂ ಪರೀಕ್ಷೆ ಮಾಡ್ತಾರೆ, ಆ ಕತ್ತಲಲ್ಲಿ ಅದೇ 25 ಮುಖಗಳ ಜೊತೆ ತಿಂಗಳುಗಟ್ಟಲೆ ಇರ್ಬೇಕಲ್ಲ, ಅದಕ್ಕೇ ಇನ್ನೊಂದ್ ವಿಡಿಯೋ ಬೇಕು, ಮಾಡ್ತೀನಿ. ಆಮೇಲೆ ಹಲ್ಲು! ಹುಳುಕು ಹಲ್ಲು ಇಟ್ಕೊಂಡು ಮಾತ್ರ ಹೋಗ್ಬೇಡಿ. ಅಪೆಂಡಿಕ್ಸ್ ಎಲ್ಲೋ ಒಬ್ರಿಗೆ ಕೈ ಕೊಡತ್ತೆ, ಹಲ್ನೋವು ಹಾಗಲ್ಲ, ಯಾರಿಗ್ ಬೇಕಾದ್ರೂ ಬರತ್ತೆ.