ಪಾಂಬನ್ ಸೇತುವೆ, ನಮ್ಮ ಕಡೆಯ ಏತ

ಕೇಳುಗರಿಗೆ ನಮಸ್ಕಾರ.

ಕೋಲಾರ ಸೀಮೆಯ ಹಿರಿಯರಿಗೆ ಏತ ಅಂದರೆ ಏನು ಅಂತ ವಿವರಿಸಬೇಕಿಲ್ಲ. ಯಾತ ಅಂತಲೂ ಅನ್ನುತ್ತಿದ್ದೆವು. ಬಾವಿಯ ಪಕ್ಕ ಒಂದು ಕಂಬ, ಅದರ ಮೇಲೆ ಉದ್ದನೆಯ ಮರ. ಒಂದು ತುದಿಗೆ ನೀರಿನ ಕೊಡ, ಇನ್ನೊಂದು ತುದಿಗೆ ಕಲ್ಲಿನ ಭಾರ. ಭಾರ ಸರಿಯಾಗಿ ಕೂತಿದ್ದರೆ ಸಣ್ಣ ಹುಡುಗನೂ ನೀರೆತ್ತಬಹುದು. ರಾಮೇಶ್ವರಕ್ಕೆ ಹೋದಾಗ ಪಾಂಬನ್ ಸೇತುವೆ ನೋಡಿ ನನಗೆ ನೆನಪಾದದ್ದು ಇದೇ.

ಅದು ತಮಿಳುನಾಡಿನ ಮಂಡಪಂನಿಂದ ರಾಮೇಶ್ವರ ಇರುವ ಪಾಂಬನ್ ದ್ವೀಪಕ್ಕೆ ಸಮುದ್ರದ ಮೇಲೆ ಹಾಕಿದ ರೈಲು ದಾರಿ. ಎರಡು ಕಿಲೋಮೀಟರಿಗಿಂತ ತುಸು ಜಾಸ್ತಿ ಉದ್ದ. ರೈಲು ಓಡಲು ಶುರುವಾದದ್ದು 1914ರ ಫೆಬ್ರುವರಿಯಲ್ಲಿ. ಕಡಲು ಅಲ್ಲಿ ಆಳವಿಲ್ಲ, ಹಾಗಾಗಿ ಸಾಲಾಗಿ ಕಂಬ ನಿಲ್ಲಿಸಬಹುದಿತ್ತು. ಆದರೆ ಹಡಗು ಹೋಗುವುದು ಹೇಗೆ? ಸೇತುವೆಯನ್ನೇ ಎತ್ತರಕ್ಕೆ ಕಟ್ಟೋಣ ಅಂದರೆ ರೈಲು ಕಡಿದಾದ ಏರು ಹತ್ತುವುದಿಲ್ಲ. ಅದಕ್ಕೇ ನಡುವಿನ ಭಾಗವನ್ನು ಬಾಗಿಲಿನಂತೆ ಎರಡು ಹೋಳು ಮಾಡಿದರು. ಒಂದೊಂದು ಹೋಳಿನ ಹಿಂದೆಯೂ ಭಾರ. ಹೋಳಿನ ಬುಡ ಚಕ್ರದ ತುಂಡಿನ ಹಾಗೆ ದುಂಡಗಿರುತ್ತದೆ. ಅದು ಹಿಂದಕ್ಕೆ ಉರುಳಿದರೆ ಮುಂದಿನ ತುದಿ ಮೇಲೇಳುತ್ತದೆ, ತೂಗುಕುರ್ಚಿ ಹಿಂದಕ್ಕೆ ವಾಲಿದಂತೆ. ಅಮೆರಿಕದ ಎಂಜಿನಿಯರ್ ಷೆರ್ಜರ್ ಹೆಸರಿನ ವಿನ್ಯಾಸ ಇದು. ಮೋಟರ್ ಇರಲಿಲ್ಲ. ಕೆಲಸಗಾರರು ಸನ್ನೆಕೋಲು ಹಿಡಿದು ಸುತ್ತ ನಡೆದೇ ಅಷ್ಟು ಟನ್ ಉಕ್ಕನ್ನು ಎಬ್ಬಿಸುತ್ತಿದ್ದರು! ಏತವಲ್ಲದೆ ಮತ್ತೇನು?

1964ರ ಡಿಸೆಂಬರ್ ಚಂಡಮಾರುತದಲ್ಲಿ ರೈಲು ಈ ಸೇತುವೆಯಿಂದ ಬಿತ್ತು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಆ ರೈಲು ಕೊಚ್ಚಿಹೋದದ್ದು ಧನುಷ್ಕೋಡಿಯ ಹತ್ತಿರ, ಸೇತುವೆ ದಾಟಿ ಆಚೆ. ಸೇತುವೆಯದು ಬೇರೆ ಕಥೆ. ಹಳಿ ಹೊರುವ ಉಕ್ಕಿನ ತೊಲೆಗಳು, ಅಂದರೆ ಗರ್ಡರ್‌ಗಳು, ನೂರಕ್ಕೂ ಜಾಸ್ತಿ ಕಡಲು ಪಾಲಾದವು. ಎದ್ದು ಇಳಿಯುವ ಭಾಗ ಮಾತ್ರ ಉಳಿಯಿತು. ಆಗಿನ್ನೂ ಮೂವತ್ತೆರಡರ ಪ್ರಾಯದ ರೈಲ್ವೆ ಎಂಜಿನಿಯರ್ ಇ. ಶ್ರೀಧರನ್ ಅವರಿಗೆ ರಿಪೇರಿ ಕೆಲಸ ವಹಿಸಿದರು. ಮೀನುಗಾರರ ನೆರವಿನಿಂದ ತಳದಲ್ಲಿ ಬಿದ್ದಿದ್ದ ಗರ್ಡರ್‌ಗಳನ್ನು ಹುಡುಕಿ ತೆಗೆಸಿ, ಅವನ್ನೇ ಮತ್ತೆ ಕೂರಿಸಿ, 46 ದಿನದಲ್ಲಿ ಮುಗಿಸಿದರು.

ಉಪ್ಪುಗಾಳಿ ಮಾತ್ರ ಸುಮ್ನೆ ಬಿಡಲಿಲ್ಲ. ತುಕ್ಕು ಹಿಡಿದು ಸೊರಗಿದ ಸೇತುವೆಯ ಮೇಲೆ 2022ರ ಡಿಸೆಂಬರಿನಲ್ಲಿ ರೈಲು ಓಡಾಟ ನಿಂತಿತು. ಪಕ್ಕದಲ್ಲೇ ಕಟ್ಟಿದ ಹೊಸದು 2025ರ ಏಪ್ರಿಲ್ 6ರಂದು ತೆರೆಯಿತು. ಇದರ ನಡುಭಾಗ 72.5 ಮೀಟರ್ ಉದ್ದ. ಇದು ಹೋಳಾಗುವುದಿಲ್ಲ. ಎರಡು ಗೋಪುರಗಳ ನಡುವೆ ಇಡಿಯಾಗಿ 17 ಮೀಟರ್ ಮೇಲೇಳುತ್ತದೆ. ಚಕ್ರದ ಮೇಲೆ ಹಾದ ಉಕ್ಕಿನ ಹಗ್ಗದ ಇನ್ನೊಂದು ತುದಿಗೆ ಭಾರ ತೂಗುತ್ತದೆ, ಮೋಟರ್ ಸ್ವಲ್ಪ ಕೈ ಹಾಕಿದರೆ ಸಾಕು.

ಕೆ.ಜಿ.ಎಫ್. ಗಣಿಯಲ್ಲಿ ದುಡಿದಿದ್ದ ನಮ್ಮ ಮಾವನವರಿಗೆ ಇದನ್ನು ಬಾಯಲ್ಲೇ ವಿವರಿಸಿದೆ. ಅರ್ಧಕ್ಕೇ ತಡೆದರು. "ನಮ್ಮನ್ನ ಗಣಿಗೆ ಇಳಿಸ್ತಿದ್ದ ಕೇಜ್ ಅಲ್ವಾ ಅದು! ಒಂದು ಇಳಿದರೆ ಇನ್ನೊಂದು ಏರೋದು. ಅಲ್ಲಿ ನಾವು ನಿಂತಿರ್ತಿದ್ವಿ, ಇಲ್ಲಿ ಹಳಿ ನಿಂತಿದೆ, ಅಷ್ಟೇ" ಅಂದರು.

ನಮಸ್ಕಾರ.