ಕಪ್ಪೆಯ ಗುಟ್ಟು ಅದರ ಚರ್ಮದಲ್ಲಿದೆ

[ದೃಶ್ಯ: ಆಗುಂಬೆಯ ಮಳೆ, ರಾತ್ರಿ. ಕಪ್ಪೆಗಳ ಕೂಗು.]

ನಮಸ್ಕಾರ. ಉಭಯಚರಿ ಯಾವುದು ಎಂದರೆ, ನೀರಲ್ಲೂ ನೆಲದಲ್ಲೂ ಬದುಕುವ ಪ್ರಾಣಿ ಎನ್ನುತ್ತೇವೆ. ಆದರೆ ಭದ್ರಾ ಹಿನ್ನೀರಿನ ಮೊಸಳೆಯೂ ಎರಡೂ ಕಡೆ ಇರುತ್ತದೆ, ಅಲ್ವಾ? ಆಮೆ ಕೂಡ. ಅವು ಸರೀಸೃಪಗಳು. ಹಾಗಾದರೆ ವ್ಯತ್ಯಾಸ ಎಲ್ಲಿದೆ?

[ದೃಶ್ಯ: ಕಪ್ಪೆಯ ಚರ್ಮ, ತೀರಾ ಹತ್ತಿರದಿಂದ.]

ಚರ್ಮದಲ್ಲಿ. ಮೊಸಳೆಗೆ ಗಟ್ಟಿ ಹುರುಪೆ ಇದೆ. ಕಪ್ಪೆಯ ಚರ್ಮ ತೆಳು, ಸದಾ ಒದ್ದೆ. ಲೋಳೆ ಗ್ರಂಥಿಗಳು ಅದನ್ನು ಒಣಗಲು ಬಿಡುವುದಿಲ್ಲ. ಕಪ್ಪೆಗೆ ಶ್ವಾಸಕೋಶ ಇದ್ದರೂ ಆಮ್ಲಜನಕ ಈ ಚರ್ಮದಿಂದಲೂ ನೇರವಾಗಿ ರಕ್ತಕ್ಕೆ ಸೇರುತ್ತದೆ. ನೀರನ್ನೂ ಅದು ಬಾಯಿಂದ ಕುಡಿಯುವುದಿಲ್ಲ. ಹೊಟ್ಟೆ, ತೊಡೆಯ ಚರ್ಮದಿಂದ ಹೀರುತ್ತದೆ. ಚರ್ಮ ಒಣಗಿದರೆ ಉಸಿರಿಗೇ ಕುತ್ತು.

ತಣ್ಣನೆ ರಕ್ತ, ಮೂರು ಕೋಣೆಯ ಹೃದಯ ಇವೂ ಲಕ್ಷಣಗಳೇ. ಆದರೆ ಅವು ಹಾವು, ಹಲ್ಲಿಗಳಲ್ಲೂ ಇವೆ.

ಮೊಟ್ಟೆಯದ್ದೂ ಇದೇ ಕಥೆ. ಚಿಪ್ಪಿಲ್ಲ, ಬರೀ ಲೋಳೆಯ ಹೊದಿಕೆ. ಅದಕ್ಕೇ ಹೆಚ್ಚಿನವು ನೀರಲ್ಲಿ ಮೊಟ್ಟೆ ಇಡುತ್ತವೆ. ಕಿವಿರಿನಿಂದ ಉಸಿರಾಡುವ ಗೊದಮೊಟ್ಟೆ ಹೊರಬರುತ್ತದೆ. ಆಮೇಲೆ ಕಾಲು ಮೂಡಿ, ಬಾಲ ಕರಗಿ ಕಪ್ಪೆಯಾಗುತ್ತದೆ.

[ದೃಶ್ಯ: ಕೊಂಬೆಯಲ್ಲಿ ನೊರೆಗೂಡು.]

ನಮ್ಮ ಮಲೆನಾಡಿನ ಕಪ್ಪೆಗಳು ಇಲ್ಲೂ ಬೇರೆ ಬೇರೆ ದಾರಿ ಹುಡುಕಿಕೊಂಡಿವೆ. ಹಾರುಕಪ್ಪೆ ನೀರಿನ ಮೇಲೆ ಚಾಚಿದ ಕೊಂಬೆಯಲ್ಲಿ ನೊರೆಗೂಡು ಕಟ್ಟುತ್ತದೆ. ಮರಿಗಳು ಅಲ್ಲಿಂದ ಕೆಳಗಿನ ನೀರಿಗೆ ಉದುರುತ್ತವೆ. ಶರಾವತಿ ಕಣಿವೆಯ ಕತ್ತಲೆಕಾನಿನಲ್ಲಿ ಕುಂಬಾರ ಕಪ್ಪೆ ಇದೆ. ವಿಜ್ಞಾನಿಗಳು ಅದನ್ನು ಹೊಸ ಪ್ರಭೇದ ಎಂದು ಗುರುತಿಸಿದ್ದು 2014ರಲ್ಲಿ. ಹೆಣ್ಣು ಹಳ್ಳದ ಮೇಲಿನ ಕಡ್ಡಿಗೆ ಮೊಟ್ಟೆ ಅಂಟಿಸುತ್ತದೆ. ಗಂಡು ಮುಂಗಾಲಿನಿಂದ ಕೆಸರು ಎತ್ತಿ ತಂದು ಅದಕ್ಕೆ ಮೆತ್ತುತ್ತದೆ! ಮೊಟ್ಟೆ ಒಣಗದಿರಲಿ, ಯಾರ ಕಣ್ಣಿಗೂ ಬೀಳದಿರಲಿ ಎಂದೇ ಇರಬೇಕು. ಪೊದೆಗಪ್ಪೆಗಳಂತೂ ಗೊದಮೊಟ್ಟೆಯ ಹಂತವನ್ನೇ ಬಿಟ್ಟಿವೆ. ಎಲೆ, ತರಗೆಲೆಯ ತೇವದಲ್ಲಿಟ್ಟ ಮೊಟ್ಟೆಯಿಂದ ನೇರವಾಗಿ ಪುಟಾಣಿ ಕಪ್ಪೆಯೇ ಹೊರಬರುತ್ತದೆ. ತಿಂಗಳುಗಟ್ಟಲೆ ಹಿಡಿಯುವ ಮಳೆಯೇ ಇದಕ್ಕೆ ಆಸರೆ.

[ದೃಶ್ಯ: ಅಡಿಕೆ ತೋಟದ ಮಣ್ಣು.]

ಉಭಯಚರಿ ಎಂದರೆ ಕಪ್ಪೆ ಮಾತ್ರವಲ್ಲ. ಬಾಲವಿರುವ ಸಲಮಾಂಡರ್ ನಮ್ಮಲ್ಲಿಲ್ಲ, ಅದಕ್ಕೆ ಡಾರ್ಜಿಲಿಂಗ್ ಕಡೆ ಹೋಗಬೇಕು. ಆದರೆ ಸಿಸಿಲಿಯನ್ ಇದೆ. ಕಾಲಿಲ್ಲ, ಮೈತುಂಬ ಉಂಗುರ. ಅಗೆಯುವಾಗ ಗುದ್ದಲಿಗೆ ಸಿಕ್ಕರೆ ಹಾವಿನ ಮರಿ ಎಂದು ಸುಮ್ನೆ ಹೊಡೆದು ಹಾಕುತ್ತಾರೆ. ಎರೆಹುಳು, ಗೆದ್ದಲು ತಿಂದುಕೊಂಡಿರುವ ಪಾಪದ ಪ್ರಾಣಿ ಅದು. ದಯವಿಟ್ಟು ಮಣ್ಣು ಮುಚ್ಚಿ ಬಿಟ್ಟುಬಿಡಿ.

ತೋಟದವರಿಗೆ ಇನ್ನೊಂದು ಮಾತು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋದಲ್ಲಿ ಮೈಲುತುತ್ತ ಇರುತ್ತದೆ. ಅದರ ತಾಮ್ರ ಗೊದಮೊಟ್ಟೆಗೆ ವಿಷ. ನೀರಲ್ಲಿ ಬೆರೆತದ್ದು ತೆಳು ಚರ್ಮ, ಕಿವಿರು ದಾಟಿ ಒಳಗೆ ಹೋಗುತ್ತದೆ. ಔಷಧಿ ಬಿಡಿ ಎನ್ನುತ್ತಿಲ್ಲ, ಅಡಿಕೆಯೂ ಉಳಿಯಬೇಕು. ಡ್ರಮ್ ತೊಳೆದ ನೀರನ್ನು ಮಾತ್ರ ಹಳ್ಳಕ್ಕೆ, ಕೆರೆಗೆ ಚೆಲ್ಲಬೇಡಿ.