ಇಂಡಿಯಾನಾ ಜೋನ್ಸ್‌ಗೆ ಆರನೇ ಸಿನಿಮಾ ಬೇಡ

ನಮಸ್ಕಾರ. ಇವತ್ತು ನನಗೆ ತುಂಬಾ ಇಷ್ಟವಾದ ಒಬ್ಬ ಹೀರೋ ಬಗ್ಗೆ ಮಾತಾಡುತ್ತೇನೆ. ಅವನ ಇನ್ನೊಂದು ಸಿನಿಮಾ ಬರಬಾರದು ಅಂತ ಹೇಳುವುದಕ್ಕೇ ಈ ವಿಡಿಯೊ. ಇಷ್ಟ ಇರುವುದರಿಂದಲೇ ಹೇಳುತ್ತಿದ್ದೇನೆ. ಪೂರ್ತಿ ಕೇಳಿ, ಆಮೇಲೆ ಜಗಳ ಆಡೋಣ.

ಇಂಡಿಯಾನಾ ಜೋನ್ಸ್, ಪ್ರೀತಿಯಿಂದ ಇಂಡಿ. ಹಳೇ ಕಾಲದ ಅಪರೂಪದ ವಸ್ತುಗಳನ್ನು ಹುಡುಕಿ ಹೋಗುವ ಹಾಲಿವುಡ್ ಸಿನಿಮಾದ ಪುರಾತತ್ವ ಮೇಷ್ಟ್ರು. ತಲೆಗೆ ಟೋಪಿ, ಸೊಂಟದಲ್ಲಿ ಚಾಟಿ, ಹಾವು ಕಂಡರೆ ಜೀವ ಬಾಯಿಗೆ ಬರುವಷ್ಟು ಭಯ. 1981, 1984, 1989ರಲ್ಲಿ ಮೂರು ಸಿನಿಮಾ ಬಂದವು. 19 ವರ್ಷ ಬಿಟ್ಟು 2008ರಲ್ಲಿ ನಾಲ್ಕನೇದು. ಮತ್ತೆ 15 ವರ್ಷ ಬಿಟ್ಟು 2023ರಲ್ಲಿ ಐದನೇದು, 'ಡಯಲ್ ಆಫ್ ಡೆಸ್ಟಿನಿ'. ಇಂಡಿಯ ಪಾತ್ರ ಮಾಡಿದ ಹ್ಯಾರಿಸನ್ ಫೋರ್ಡ್ ಹುಟ್ಟಿದ್ದು 1942ರ ಜುಲೈನಲ್ಲಿ. ಆ ಐದನೇ ಸಿನಿಮಾ ತೆರೆಗೆ ಬಂದಾಗ ಅವರಿಗೆ 81 ತುಂಬಲು ಎರಡು ವಾರ ಬಾಕಿ ಇತ್ತು. ಇದೇ ನನ್ನ ಕೊನೆಯದು ಅಂತ ಅವರೇ ಹೇಳಿದ್ದಾರೆ. ಆದರೂ ಆಸೆ ಬಿಡದವರು ಇದ್ದಾರೆ. ಬೇರೆ ನಟನನ್ನು ಹಾಕಲಿ, ಇಲ್ಲದಿದ್ದರೆ ಕಂಪ್ಯೂಟರ್‌ನಲ್ಲಿ ಹಳೇ ಮುಖ ಅಂಟಿಸಲಿ, ಒಟ್ಟಿನಲ್ಲಿ ಇನ್ನೊಂದು ಬರಲಿ ಅನ್ನುತ್ತಾರೆ.

ವಯಸ್ಸಾಯ್ತು, ಅದಕ್ಕೇ ಬೇಡ ಅಂತ ನಾನು ಖಂಡಿತ ಹೇಳುವುದಿಲ್ಲ. ಐದನೇ ಸಿನಿಮಾದಲ್ಲಿ ನನಗೆ ಅತಿ ಹೆಚ್ಚು ಹಿಡಿಸಿದ್ದು ಆ ವಯಸ್ಸೇ. 1969ನೇ ಇಸವಿ, ನ್ಯೂಯಾರ್ಕ್. ಪಕ್ಕದ ಮನೆಯ ಹುಡುಗರು ಜೋರಾಗಿ ಹಾಡು ಹಾಕಿದ್ದಾರೆ. ಮುದುಕ ಕುರ್ಚಿಯಲ್ಲೇ ನಿದ್ದೆ ಹೋಗಿದ್ದವನು ಬೆಚ್ಚಿ ಏಳುತ್ತಾನೆ. ಮೈಮೇಲೆ ಚಡ್ಡಿ ಬಿಟ್ಟರೆ ಇನ್ನೇನೂ ಇಲ್ಲ. ಜೋತುಬಿದ್ದ ತೋಳು, ಸಡಿಲವಾದ ಎದೆ. ಏನನ್ನೂ ಮುಚ್ಚಿಲ್ಲ. ಅವನು ಬೇಸ್‌ಬಾಲ್ ದಾಂಡು ಹಿಡಿದು ಪಕ್ಕದ ಮನೆ ಬಾಗಿಲಿಗೆ ಹೋಗುತ್ತಾನೆ. ಅವತ್ತೇ ಅವನು ಕಾಲೇಜಿನಿಂದ ನಿವೃತ್ತನಾಗುವ ದಿನ. ಫೋರ್ಡ್ ಆ ಎರಡು ನಿಮಿಷದಲ್ಲಿ ಮಾಡಿದ್ದನ್ನು ನೋಡಿ ನನಗೆ ಮಾತೇ ಹೊರಡಲಿಲ್ಲ.

ಆದರೆ ಅದಕ್ಕೂ ಮುಂಚೆ ಏನಿದೆ? ಸುಮಾರು 25 ನಿಮಿಷದ ಶುರುವಿನ ಭಾಗ. ಎರಡನೇ ಮಹಾಯುದ್ಧದ ಕೊನೆಯ ದಿನಗಳು. ಕಂಪ್ಯೂಟರ್ ಸಹಾಯದಿಂದ ಫೋರ್ಡ್ ಮುಖವನ್ನು 40 ವರ್ಷ ಹಿಂದಕ್ಕೆ ಒಯ್ದಿದ್ದಾರೆ. ಮುಖ ನಿಜಕ್ಕೂ ಚೆನ್ನಾಗಿದೆ. ಆದರೆ ಬಾಯಿ ತೆರೆದರೆ ಬರುವುದು ಮುದುಕನ ಗಂಟಲು. ರೈಲಿನ ಮೇಲೆ ಓಡುವಾಗ ನನ್ನ ಎದೆ ಒಂದು ಸಲವೂ ಡವಗುಟ್ಟಲಿಲ್ಲ.

ಯಾಕೆ ಅಂತ ನನಗೆ ಅರ್ಥ ಮಾಡಿಸಿದ್ದು ನನ್ನ ಅಕ್ಕನ ಮಗಳು. ಹನ್ನೊಂದು ವರ್ಷ. ಹೋದ ಬೇಸಿಗೆ ರಜೆಯಲ್ಲಿ ನಮ್ಮ ಮನೆಗೆ ಬಂದಿದ್ದಳು. ಮೊದಲನೇ ಸಿನಿಮಾ, 'ರೈಡರ್ಸ್ ಆಫ್ ದಿ ಲಾಸ್ಟ್ ಆರ್ಕ್' ತೋರಿಸಿದೆ. ಅದರಲ್ಲಿ ಟ್ರಕ್ ದೃಶ್ಯ ಬರುತ್ತದಲ್ಲ, ಇಂಡಿ ಓಡುವ ಟ್ರಕ್ಕಿನ ಮುಂಭಾಗದಿಂದ ಜಾರಿ, ಅದರ ಹೊಟ್ಟೆಯ ಕೆಳಗೇ ಕೈ ಬದಲಿಸುತ್ತಾ ಹಿಂದಕ್ಕೆ ಹೋಗಿ, ಚಾಟಿ ಹಿಡಿದು ಮಣ್ಣಿನಲ್ಲಿ ಎಳೆದುಕೊಂಡು ಹೋಗುವುದು. ಅವಳು ಚುರುಮುರಿ ತಿನ್ನುವುದನ್ನು ನಿಲ್ಲಿಸಿದಳು. ನನ್ನ ತೋಳು ಹಿಡಿದು, "ಮಾಮ, ಅವ್ರಿಗೆ ನಿಜ್ವಾಗ್ಲೂ ಏನೂ ಆಗ್ಲಿಲ್ವಾ?" ಅಂತ ಕೇಳಿದಳು. ಎರಡು ದಿನ ಬಿಟ್ಟು ಐದನೇ ಸಿನಿಮಾ ಹಾಕಿದೆ. ಆ ರೈಲಿನ ದೃಶ್ಯ ಪೂರ್ತಿ ಮುಗಿಯಿತು. ಅವಳು ಏನನ್ನೂ ಕೇಳಲಿಲ್ಲ. ಚುರುಮುರಿ ಮಾತ್ರ ಖಾಲಿಯಾಯಿತು.

ನಿಜವಾಗಲೂ ಏನೂ ಆಗಲಿಲ್ಲವಾ? ಇಡೀ ಸರಣಿ ನಿಂತಿರುವುದೇ ಈ ಪ್ರಶ್ನೆಯ ಮೇಲೆ. ಆ ಟ್ರಕ್ಕಿನ ಕೆಳಗೆ ಹೋದವರು ಟೆರ್ರಿ ಲೆನರ್ಡ್ ಅನ್ನುವ ಸ್ಟಂಟ್ ಕಲಾವಿದ. ಮೈ ಹಿಡಿಸಲಿ ಅಂತ ದಾರಿಯ ನಡುವೆ ಉದ್ದಕ್ಕೂ ಕಾಲುವೆ ಥರ ಮಣ್ಣು ತೋಡಿದ್ದರು. ಎಳೆದುಕೊಂಡು ಹೋಗುವ ಕೆಲವು ಶಾಟ್‌ಗಳಲ್ಲಿ ಸ್ವತಃ ಫೋರ್ಡ್ ಇದ್ದಾರೆ. ಧೂಳು ನಿಜದ್ದು, ತರಚಿದ್ದೂ ನಿಜವೇ. ಹಾಗಾಗಿಯೇ ಮುಂದೆ ಹಡಗಿನ ದೃಶ್ಯಕ್ಕೆ ಅಷ್ಟು ತೂಕ ಬರುತ್ತದೆ. ಇಂಡಿ ಮಂಚದ ಮೇಲೆ ಬಿದ್ದಿದ್ದಾನೆ. ಅವನ ಪ್ರೇಯಸಿ ಮೇರಿಯನ್ ಗಾಯ ಒರೆಸಲು ಬರುತ್ತಾಳೆ. ಮುಟ್ಟಿದಲ್ಲೆಲ್ಲ ನೋವು. ಹಾಗಾದರೆ ಎಲ್ಲಿ ನೋವಿಲ್ಲ ಹೇಳು ಅಂತ ಅವಳು ರೇಗುತ್ತಾಳೆ. ಅವನು ಮೊಣಕೈ ತೋರಿಸುತ್ತಾನೆ. ಅವಳು ಅಲ್ಲಿ ಮುತ್ತಿಡುತ್ತಾಳೆ. ಆಮೇಲೆ ಹಣೆ. ಆಮೇಲೆ ಕಣ್ಣು. ಅಷ್ಟರಲ್ಲಿ ಅವನಿಗೆ ನಿದ್ದೆ ಬಂದಿರುತ್ತದೆ. ಅದಕ್ಕೂ ಮುಂಚಿನ ಸಾಹಸದ ಹೀರೋಗಳಿಗೆ ಕೂದಲೂ ಕೆದರುತ್ತಿರಲಿಲ್ಲ. ಇವನಿಗೆ ಸುಸ್ತಾಗುತ್ತದೆ, ಪೆಟ್ಟಾಗುತ್ತದೆ, ಭಯವಾಗುತ್ತದೆ. ನಮ್ಮ ಹಾಗೇ ಅಲ್ವಾ?

ಈ ನೋವು ಮೊದಲು ಕಳೆದುಹೋದದ್ದು 2008ರಲ್ಲಿ. ಅಣುಬಾಂಬು ಸಿಡಿಯುತ್ತದೆ, ಇಂಡಿ ಫ್ರಿಜ್ಜಿನೊಳಗೆ ಕೂತು ಹಾರಿಹೋಗಿ ಬೀಳುತ್ತಾನೆ, ಎದ್ದು ನಡೆಯುತ್ತಾನೆ. ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಲ್ಲರೂ ಬೈದಾಗಿದೆ.

ಸರಿ, ಹೊಸ ನಟನನ್ನು ಹಾಕಿದರೆ? ಜೇಮ್ಸ್ ಬಾಂಡ್‌ಗೆ ಎಷ್ಟು ಜನ ಬದಲಾದರು, ಯಾರಿಗೆ ಏನು ನಷ್ಟವಾಯಿತು ಅಂತ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ 007 ಅನ್ನುವುದು ಒಂದು ಹುದ್ದೆಯ ಸಂಖ್ಯೆ. ಆ ಕುರ್ಚಿಯಲ್ಲಿ ಯಾರು ಬೇಕಾದರೂ ಕೂರಬಹುದು. ಇಂಡಿಯನ್ನು ಮಾತ್ರ ಒಬ್ಬ ಮನುಷ್ಯನ ಚರ್ಮದ ಮೇಲೆ ಬರೆದಿದ್ದಾರೆ. ಇದು ಮಾತಿಗೆ ಹೇಳಿದ್ದಲ್ಲ. ಫೋರ್ಡ್ ಗದ್ದದ ಮೇಲೆ ಒಂದು ಗಾಯದ ಕಲೆ ಇದೆ. ಸಿನಿಮಾದಲ್ಲಿ ಹೆಸರು ಮಾಡುವ ಮುಂಚೆಯೇ ಕಾರು ಅಪಘಾತದಲ್ಲಿ ಆದದ್ದು. 1989ರ 'ಲಾಸ್ಟ್ ಕ್ರುಸೇಡ್'ನಲ್ಲಿ ಅದಕ್ಕೊಂದು ಕತೆ ಕಟ್ಟಿದರು. ಹುಡುಗ ಇಂಡಿ ಸರ್ಕಸ್ ರೈಲಿನಲ್ಲಿ ಸಿಂಹದ ಮುಂದೆ ಸಿಕ್ಕಿಬೀಳುತ್ತಾನೆ. ಜೀವನದಲ್ಲಿ ಮೊದಲ ಸಲ ಚಾಟಿ ಬೀಸುತ್ತಾನೆ. ಅದು ತಿರುಗಿ ಅವನ ಗದ್ದಕ್ಕೇ ಬಡಿಯುತ್ತದೆ. ನಟನ ಮೈಮೇಲಿದ್ದ ಕಲೆಗೆ ಪಾತ್ರದ ಬಾಲ್ಯವನ್ನೇ ಹೊಂದಿಸಿಬಿಟ್ಟರು. ಈಗ ಹೊಸ ಹುಡುಗನನ್ನು ತಂದು ಆ ಕಲೆಯನ್ನು ಮೇಕಪ್‌ನಲ್ಲಿ ಅಂಟಿಸಬೇಕಾ?

ಹುಡುಗ ಇಂಡಿಯಾಗಿ ರಿವರ್ ಫೀನಿಕ್ಸ್ ಚೆನ್ನಾಗಿಯೇ ಮಾಡಿದ್ದರು, ಒಪ್ಪುತ್ತೇನೆ. ಅದು ಹತ್ತು ಹನ್ನೆರಡು ನಿಮಿಷ. ಕೊನೆಗೆ ಟೋಪಿ ಎತ್ತಿದಾಗ ಕಂಡ ಮುಖ ಫೋರ್ಡ್‌ದೇ. 2024ರ ಡಿಸೆಂಬರ್‌ನಲ್ಲಿ ಬಂದ 'ಗ್ರೇಟ್ ಸರ್ಕಲ್' ಗೇಮ್‌ನಲ್ಲಿ ಟ್ರಾಯ್ ಬೇಕರ್ ದನಿ ಕೊಟ್ಟರು. ಅದನ್ನೂ ಖುಷಿಯಿಂದ ಆಡಿದ್ದೇನೆ. ಗೇಮ್‌ನಲ್ಲಿ ಹೆಚ್ಚು ಹೊತ್ತು ನನಗೆ ಕಾಣುವುದು ನನ್ನದೇ ಎರಡು ಕೈ. ಏಟು ಬಿದ್ದರೆ ಬೀಳುವುದು ನನಗೆ. ಸಿನಿಮಾದಲ್ಲಿ ಕೂತು ನೋಡುವಾಗ ಆ ಏಟನ್ನು ಇನ್ನೊಬ್ಬರು ತಿನ್ನಬೇಕು.

ಇನ್ನೊಂದು ವಿಷಯ ಇದೆ. ಭಾರತದವನಾಗಿ ಇದನ್ನು ಹೇಳದೆ ಬಿಟ್ಟರೆ ಸರಿಯಾಗುವುದಿಲ್ಲ. 1984ರ 'ಟೆಂಪಲ್ ಆಫ್ ಡೂಮ್' ನಡೆಯುವುದು ನಮ್ಮ ದೇಶದಲ್ಲಿ. ಕತೆ ನೋಡಿ ನಮ್ಮ ಸರ್ಕಾರ ಅವರು ಬಯಸಿದಂತೆ ಶೂಟಿಂಗಿಗೆ ಒಪ್ಪಲಿಲ್ಲ. ಶ್ರೀಲಂಕಾದ ಕ್ಯಾಂಡಿ ಹತ್ತಿರ ಹಳ್ಳಿ ಸೆಟ್ ಹಾಕಿದರು. ಕೆಲವು ಕಾಲ ಆ ಸಿನಿಮಾಕ್ಕೆ ಇಲ್ಲಿ ನಿಷೇಧವೂ ಇತ್ತು. ಮಂಗನ ಮೆದುಳು ತಿನ್ನುವ ಅರಮನೆ, ಕಾಳಿಗೆ ನರಬಲಿ. ನೋಡಿದರೆ ಈಗಲೂ ಮೈ ಉರಿಯುತ್ತದೆ. ಆದರೆ ಅದರ ಖಳನಾಯಕ ಮೋಲಾ ರಾಮ್ ಆಗಿ ನಿಂತವರು ಅಮರೀಶ್ ಪುರಿ. 1973ರಲ್ಲಿ ಗಿರೀಶ್ ಕಾರ್ನಾಡರ 'ಕಾಡು' ಸಿನಿಮಾದಲ್ಲಿ ಚಂದ್ರೇಗೌಡನಾಗಿದ್ದ ಅದೇ ಪುರಿ. ಆ ಕಣ್ಣು, ಆ ದನಿ. ಮೋಲಾ ರಾಮ್‌ಗಾಗಿ ತಲೆ ಬೋಳಿಸಿದವರು ಆಮೇಲೂ ಹಾಗೆಯೇ ಇಟ್ಟುಕೊಂಡರು. ಅಷ್ಟು ಕೆಟ್ಟದಾಗಿ ಬರೆದ ಪಾತ್ರದಲ್ಲೂ ಅವರು ಹೀರೋವನ್ನೇ ಪಕ್ಕಕ್ಕೆ ತಳ್ಳಿಬಿಡುತ್ತಾರೆ. ನನಗೆ ಹೆಮ್ಮೆಯೂ ಆಗುತ್ತದೆ, ಸಂಕಟವೂ ಆಗುತ್ತದೆ.

ಒಂದು ಮಾತು ಗಮನಿಸಿ. ನಮ್ಮನ್ನು ಅಷ್ಟೆಲ್ಲ ಅವಮಾನ ಮಾಡಿದ ಆ ಸಿನಿಮಾದಲ್ಲೇ ಇಂಡಿ ಹಳ್ಳಿಯವರ ಪವಿತ್ರ ಕಲ್ಲನ್ನು ಹಳ್ಳಿಯವರಿಗೆ ವಾಪಸ್ ಕೊಡುತ್ತಾನೆ. ಬೇರೆ ಕಡೆ ಅವನ ಹಟ ಒಂದೇ, ಇದು ಮ್ಯೂಸಿಯಮ್‌ನಲ್ಲಿರಬೇಕು. ಯಾರ ಮ್ಯೂಸಿಯಮ್? ಪೆರುವಿನ ಕಾಡಿನ ಗುಡಿಯಿಂದ ಚಿನ್ನದ ಮೂರ್ತಿ ಎತ್ತಿ, ಆ ಜಾಗಕ್ಕೆ ಮರಳಿನ ಚೀಲ ಇಟ್ಟಾಗ 1981ರಲ್ಲಿ ಯಾರೂ ಕೇಳಲಿಲ್ಲ. ಇವತ್ತು ಕದ್ದುಹೋದ ನಮ್ಮ ದೇವರುಗಳು ವಿದೇಶದ ಮ್ಯೂಸಿಯಮ್‌ಗಳಿಂದ ಒಂದೊಂದಾಗಿ ವಾಪಸ್ ಬರುತ್ತಿವೆ. ಹೊಸ ಸಿನಿಮಾ ಮಾಡುವವರು ಈ ಪ್ರಶ್ನೆಗೆ ಉತ್ತರ ಕೊಡಲೇಬೇಕು. ಉತ್ತರ ಕೊಟ್ಟರೆ ಅವನು ಇಂಡಿಯಾಗಿ ಉಳಿಯುವುದಿಲ್ಲ. ಕೊಡದಿದ್ದರೆ ನಾನು ಸುಮ್ನೆ ಕೂತು ನೋಡಲಾರೆ.

ದುಡ್ಡಿನ ಲೆಕ್ಕ ಬೇಗ ಹೇಳಿ ಮುಗಿಸುತ್ತೇನೆ. ಮೊದಲನೇದಕ್ಕೆ ಸುಮಾರು 2 ಕೋಟಿ ಡಾಲರ್ ಖರ್ಚಾಗಿತ್ತು. ಆ ವರ್ಷ ಅಮೆರಿಕದಲ್ಲಿ ಅತಿ ಹೆಚ್ಚು ಗಳಿಸಿದ ಸಿನಿಮಾ ಅದೇ. ಐದನೇದಕ್ಕೆ ಹತ್ತಿರ ಹತ್ತಿರ 30 ಕೋಟಿ ಡಾಲರ್ ಸುರಿದರು. ಜಗತ್ತಿನಾದ್ಯಂತ ಬಂದದ್ದು 38 ಕೋಟಿ ಚಿಲ್ಲರೆ. ಅದರಲ್ಲಿ ದೊಡ್ಡ ಪಾಲು ಥಿಯೇಟರ್‌ಗಳಿಗೇ ಹೋಗುತ್ತದೆ. ಆ 30 ಕೋಟಿಯಲ್ಲಿ ಎಷ್ಟು ಹೊಸಬರ ಹೊಸ ಕತೆಗಳು ಹುಟ್ಟಬಹುದಿತ್ತು? ನನ್ನ ಹೊಟ್ಟೆಯುರಿ ಇದೇ.

ಯಾಕೆಂದರೆ ಇಂಡಿ ಹುಟ್ಟಿದ್ದೇ ಹಾಗೆ. 1977ರ ಮೇ ತಿಂಗಳು. 'ಸ್ಟಾರ್ ವಾರ್ಸ್' ಬಿಡುಗಡೆಯ ಗಲಾಟೆಯಿಂದ ತಪ್ಪಿಸಿಕೊಳ್ಳಲು ಅದರ ನಿರ್ದೇಶಕ ಜಾರ್ಜ್ ಲೂಕಸ್ ಹವಾಯಿಗೆ ಹೋಗಿದ್ದರು. ಗೆಳೆಯ, ನಿರ್ದೇಶಕ ಸ್ಟೀವನ್ ಸ್ಪೀಲ್‌ಬರ್ಗ್ ಜೊತೆಯಲ್ಲಿದ್ದರು. ನನಗೊಂದು ಬಾಂಡ್ ಸಿನಿಮಾ ಮಾಡುವ ಆಸೆ ಅಂತ ಸ್ಪೀಲ್‌ಬರ್ಗ್ ಹೇಳಿಕೊಂಡರು. ಅದಕ್ಕಿಂತ ಚೆನ್ನಾಗಿರುವುದು ನನ್ನ ಹತ್ತಿರ ಇದೆ ಅಂತ ಲೂಕಸ್ ಈ ಕತೆ ಬಿಚ್ಚಿದರು. ಇಬ್ಬರೂ ಚಿಕ್ಕವರಿದ್ದಾಗ ನೋಡಿ ಬೆಳೆದ 1930-40ರ ದಶಕದ, ಕಂತುಕಂತಾಗಿ ಬರುತ್ತಿದ್ದ ಸೀರಿಯಲ್ ಸಿನಿಮಾಗಳ ರುಚಿ ಅದರಲ್ಲಿತ್ತು. ಆ ಟ್ರಕ್ ಸ್ಟಂಟ್ ಕೂಡ ಹಳೆಯದೇ. 1939ರ 'ಸ್ಟೇಜ್‌ಕೋಚ್'ನಲ್ಲಿ ಯಾಕಿಮಾ ಕನಟ್ ಅನ್ನುವ ಸ್ಟಂಟ್ ಕಲಾವಿದ ಓಡುವ ಕುದುರೆಗಳ ಕಾಲ ನಡುವೆ ಬಿದ್ದು ಗಾಡಿಯ ಕೆಳಗೆ ತೂರಿ ಹೋಗಿದ್ದರು. ಇವರು ಕುದುರೆಗಾಡಿಯ ಜಾಗಕ್ಕೆ ಟ್ರಕ್ ತಂದರು. ಹಳೇ ಹೀರೋಗಳಲ್ಲಿ ಒಬ್ಬನನ್ನು ಹಿಡಿದು ತಂದು ಎರಡನೇ ಭಾಗ, ಆರನೇ ಭಾಗ ಅಂತ ಮಾಡಲಿಲ್ಲ. ಇಷ್ಟಪಟ್ಟದ್ದನ್ನೆಲ್ಲ ಅರಗಿಸಿಕೊಂಡು, ಹೊಸ ಮನುಷ್ಯನನ್ನು ಮಾಡಿ, ಹೊಸ ಹೆಸರಿಟ್ಟರು. ಹನ್ನೆರಡು ವರ್ಷ ಆದಮೇಲೆ ಅದೇ ಹೀರೋನ ಅಪ್ಪನ ಪಾತ್ರಕ್ಕೆ ಯಾರನ್ನು ಕರೆದರು ಗೊತ್ತಲ್ಲ? ಸಿನಿಮಾದ ಮೊದಲ ಬಾಂಡ್, ಶಾನ್ ಕಾನರಿ ಅವರನ್ನು. ನನಗೆ ಇದಕ್ಕಿಂತ ದೊಡ್ಡ ಗೌರವ ಕಾಣುವುದಿಲ್ಲ.

ಹಾಗಾಗಿ ಇಂಡಿಯನ್ನು ಪ್ರೀತಿಸುವ ನಿರ್ದೇಶಕರು ಇದ್ದರೆ, ದಯವಿಟ್ಟು ಆ ಟೋಪಿಯನ್ನು ಮುಟ್ಟಬೇಡಿ. ನಿಮ್ಮದೇ ಒಬ್ಬನನ್ನು, ಒಬ್ಬಳನ್ನು ಮಾಡಿ. ಅವರಿಗೆ ಏಟಾಗಲಿ. ನಾನು ಮೊದಲ ದಿನ ಮೊದಲ ಆಟಕ್ಕೇ ಬರುತ್ತೇನೆ.

ಐದನೇ ಸಿನಿಮಾದ ಕೊನೆಯಲ್ಲಿ ಹಡಗಿನ ಆ ದೃಶ್ಯ ಮತ್ತೆ ಬರುತ್ತದೆ. ಈ ಸಲ ಇಂಡಿ, ಮೇರಿಯನ್ ಇಬ್ಬರೂ ಮುದುಕರು. ಅವನ ಮನೆಯಲ್ಲೇ. ಎಲ್ಲಿ ನೋವಿಲ್ಲ ಅಂತ ಈಗ ಅವನು ಕೇಳುತ್ತಾನೆ, ಅವಳು ಮೊಣಕೈ ತೋರಿಸುತ್ತಾಳೆ. ಮಗನನ್ನು ಕಳೆದುಕೊಂಡ ಗಂಡ ಹೆಂಡತಿ ಅವರು. ಹೊರಗೆ ಹಗ್ಗದ ಮೇಲೆ ಟೋಪಿ ಒಣಗುತ್ತಿದೆ. ಕಿಟಕಿಯಿಂದ ಒಂದು ಕೈ ಬಂದು ಅದನ್ನು ಫಕ್ಕನೆ ಎಳೆದುಕೊಳ್ಳುತ್ತದೆ. ಇನ್ನೊಂದು ಸಿನಿಮಾಕ್ಕೆ ಇದೇ ಸುಳಿವು ಅಂತ ಕೆಲವರು ಹೇಳುತ್ತಾರೆ. ನನಗೆ ಹಾಗೆ ಕಾಣಲಿಲ್ಲ. ಅವನು ತನ್ನ ಟೋಪಿಯನ್ನು ಮನೆಯೊಳಗೆ ತೆಗೆದುಕೊಂಡ, ಅಷ್ಟೇ.

ಅಕ್ಕನ ಮಗಳು ಅವತ್ತು ರಾತ್ರಿ, "ಇನ್ನೊಂದು ಇದ್ಯಾ ಮಾಮ?" ಅಂತ ಕೇಳಿದಳು. ಇಲ್ಲ ಪುಟ್ಟಿ, ಮುಗೀತು ಅಂದೆ. ಸ್ವಲ್ಪ ಮುಖ ಸಣ್ಣಗಾಯಿತು. ಮಾರನೇ ದಿನ ಬೆಳಿಗ್ಗೆ ನೋಡಿದರೆ ಸ್ಕಿಪ್ಪಿಂಗ್ ಹಗ್ಗ ಸೊಂಟಕ್ಕೆ ಸಿಕ್ಕಿಸಿಕೊಂಡು, ನಮ್ಮಮ್ಮನ ಹಿತ್ತಾಳೆ ಚೊಂಬನ್ನು ಎತ್ತಿ, ಆ ಜಾಗಕ್ಕೆ ಮೆಲ್ಲಗೆ ಅಕ್ಕಿ ಚೀಲ ಇಡುತ್ತಿದ್ದಳು. ಟೋಪಿ ಕೊಡಲಾ ಅಂತ ಕೇಳಿದೆ. ಬೇಡ ಅಂದಳು. ಅವಳ ಹೀರೋ ಟೋಪಿ ಹಾಕುವುದಿಲ್ಲವಂತೆ, ಎರಡು ಜಡೆ ಹಾಕುತ್ತಾಳಂತೆ, ಹಾವು ಕಂಡರೆ ಅವಳಿಗೆ ಒಂಚೂರೂ ಭಯ ಇಲ್ಲವಂತೆ. ಜಿರಳೆ ಕಂಡರೆ ಮಾತ್ರ.